ಪೂಜೆಗೆ ಮುಂಚಿನ ಹೂವು

ನನ್ನ ಚಿತ್ರಗಳನ್ನು ನೋಡಿದವರು ಮೊದಲು ಕೇಳುವುದು ಒಂದೇ ಮಾತು. "ಇಷ್ಟು ಸಣ್ಣದು ಯಾಕ್ರೀ ಬರೀತೀರಿ?" ಕೆಲವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿ ನೋಡುತ್ತಾರೆ, ಕಾಣದೇ ಹೋದ ತಪ್ಪು ನನ್ನದೇ ಎಂಬಂತೆ. ನನಗೆ ರೇಗುತ್ತದೆ. ಒಂದು ಗಾಜಿನ ಲೋಟ, ಅದರಲ್ಲಿ ಎರಡು ದಾಸವಾಳ, ಪಕ್ಕದಲ್ಲಿ ಉದುರಿ ಬಿದ್ದ ಒಂದು ಎಲೆ. ಇದಕ್ಕೆ ಗೋಡೆಯಷ್ಟು ಜಾಗ ಯಾಕೆ ಬೇಕು? ಈಗ ನಾವಿರುವ ನಿಜಲಿಂಗಪ್ಪ ಬಡಾವಣೆಯ ಮನೆಗೆ ಬಂದ ಮೇಲೆ ಮೊಮ್ಮಗಳು ದೊಡ್ಡ ದೊಡ್ಡ ಹಾಳೆಗಳನ್ನು ತಂದುಕೊಟ್ಟು, "ಅಜ್ಜಿ, ಕೈ ಬಿಚ್ಚಿ ಬರಿ" ಎಂದಳು. ಅವಳು ಅತ್ತ ಹೋದದ್ದೇ ತಡ, ಅವನ್ನೆಲ್ಲ ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿ ಇಟ್ಟುಕೊಂಡೆ.

ಈ ಅಳತೆ ನನ್ನ ಕೈಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ಹಳೇ ಪೇಟೆಯ ಮನೆಯಲ್ಲಿ, ನಾನು ಹೊಸ ಸೊಸೆಯಾಗಿದ್ದಾಗ. ಆ ಮನೆಯಲ್ಲಿ ಹೂವು ನನ್ನದಾಗಿರುತ್ತಿದ್ದುದು ಅತ್ತೆಯ ಜಳಕ ಮುಗಿಯುವ ತನಕ ಮಾತ್ರ. ಅಷ್ಟರೊಳಗೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ನನ್ನ ಚಿತ್ರದ ಉದ್ದ, ಅಗಲ.

ನನ್ನ ತವರು ಹರಿಹರ. ಅಪ್ಪ ಅಲ್ಲಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಲೆಕ್ಕ, ಇಂಗ್ಲಿಷು ಕಲಿಸುವವರಿಗೆ ಸಿಗುವ ಮರ್ಯಾದೆ ಅವನಿಗೆ ಸಿಗುತ್ತಿರಲಿಲ್ಲ, ಅವನೂ ಅದಕ್ಕೆ ತಲೆ ಕೆಡಿಸಿಕೊಂಡವನಲ್ಲ. ರಜೆಯ ದಿನ ಹಿತ್ತಲಿನ ಕಲ್ಲಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೂವು ಬರೆಯುತ್ತಿದ್ದ. ಮೊದಲು ಸೀಸದ ಕಡ್ಡಿಯಲ್ಲಿ ಕಂಡೂ ಕಾಣದಂತೆ ಗೆರೆ. ಆಮೇಲೆ ನೀರು ಹೆಚ್ಚು ಮಾಡಿ, ಬಣ್ಣ ಕಡಿಮೆ ಮಾಡಿ ತೆಳ್ಳಗೆ ಹರಿಯಬಿಡುವುದು. ಅದು ಒಣಗಿದ ಮೇಲೆ ನಿಬ್ಬಿನ ಪೆನ್ನನ್ನು ಕಪ್ಪು ಶಾಯಿಯಲ್ಲಿ ಅದ್ದಿ ಬೇಕಾದ ಕಡೆ ಮಾತ್ರ ಗೆರೆ ಕೊಡುವುದು. "ಪೂರಾ ಸುತ್ತಬ್ಯಾಡ. ಹೂವಿಗೆ ಬೇಲಿ ಹಾಕಿದಂಗೆ ಆಗ್ತೈತೆ" ಎನ್ನುತ್ತಿದ್ದ. ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚಲು ಬಿಡುತ್ತಿರಲಿಲ್ಲ. ಕಾಗದವನ್ನು ಖಾಲಿ ಬಿಟ್ಟು ಸುತ್ತಲಿನ ನೆರಳನ್ನಷ್ಟೇ ಬರೆದರೆ ಹೂವು ತಾನಾಗಿ ಎದ್ದು ಬರುತ್ತದೆ ಎಂದು ಅವನ ವಾದ. ಅದು ನಿಜವೂ ಹೌದು.

ಕುಂಚದ ತುದಿ ಚೂಪಾಗಬೇಕಾದಾಗಲೆಲ್ಲ ಅಪ್ಪ ಅದನ್ನು ತುಟಿಗಳ ನಡುವೆ ಇಟ್ಟು ತಿರುವಿ ಎಳೆಯುತ್ತಿದ್ದ. ಅವನ ಕೆಳತುಟಿಯ ಮೇಲೆ ಯಾವಾಗಲೂ ಒಂದಿಷ್ಟು ನೀಲಿಯೋ ಹಸಿರೋ ಇರುತ್ತಿತ್ತು. ನಾನೂ ಹಾಗೆಯೇ ಕಲಿತೆ. ಸೂಜಿಗೆ ದಾರ ಪೋಣಿಸುವವರು ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸುವುದಿಲ್ಲವೇ, ಹಾಗೆ. ಕುಂಚವನ್ನು ಬಾಯಿಗಿಟ್ಟೆ ಎನ್ನುವುದೇ ನನ್ನ ಅರಿವಿಗೆ ಬರುತ್ತಿರಲಿಲ್ಲ.

ಮದುವೆಯಾಗಿ ದಾವಣಗೆರೆಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಣ್ಣದ ಡಬ್ಬಿ, ಎರಡು ಕುಂಚ, ಪೆನ್ನು, ಶಾಯಿಯ ಬಾಟಲಿ ಇಟ್ಟುಕೊಂಡು ಬಂದಿದ್ದೆ. ಬಂದ ಮನೆ ಹತ್ತಿಯ ವ್ಯಾಪಾರದ್ದು. ಮಾವನವರೂ ನಮ್ಮನೆಯವರೂ ಬೆಳಿಗ್ಗೆಯೇ ಅಂಗಡಿಗೆ ಹೋದರೆ ಬರುವಾಗ ತಲೆಗೂದಲ ತುಂಬ ಹತ್ತಿಯ ಎಳೆ. ಹೊಲ ಇದ್ದದ್ದು ಹದಡಿಯಲ್ಲಿ, ಅಲ್ಲಿಂದ ಜೋಳದ ಗಾಡಿ ಬಂದ ದಿನ ಮನೆ ಸಂತೆಯಾಗುತ್ತಿತ್ತು. ಕೆಲಸಕ್ಕೆ ಕೊನೆಯಿಲ್ಲ. ಆದರೆ ಆ ಮನೆಗೆ ಒಂದು ಹಿತ್ತಿಲಿತ್ತು. ಕೆಂಪು ದಾಸವಾಳ, ಕಣಗಿಲೆ, ನಂದಿಬಟ್ಟಲು, ಬೇಲಿಯ ಮೇಲೆ ಹಬ್ಬಿದ ನೀಲಿ ಶಂಖಪುಷ್ಪ, ಮೂಲೆಯಲ್ಲಿ ಒಂದು ಬಿಲ್ವದ ಗಿಡ. ಮೊದಲ ದಿನ ಅದನ್ನು ನೋಡಿ ನನಗೆ ಗಂಡನ ಮನೆಯ ಮೇಲಿನ ಅರ್ಧ ಸಿಟ್ಟು ಇಳಿಯಿತು.

ಆ ಗಿಡಗಳೆಲ್ಲ ಅತ್ತೆಯವು. ಅತ್ತೆಗೆ ದಿನವೂ ಲಿಂಗಪೂಜೆಯಾಗದೆ ಬಾಯಿಗೆ ಒಂದು ಹನಿ ನೀರು ಹೋಗುವಂತಿಲ್ಲ. ಕೊರಳಲ್ಲಿ ಲಿಂಗ ನನಗೂ ಇತ್ತು. ನನ್ನ ಪೂಜೆ ವಿಭೂತಿಯ ಗೆರೆ, ಒಂದು ಹೂವು, ಒಂದು ನಮಸ್ಕಾರಕ್ಕೆ ಮುಗಿದು ಹೋಗುತ್ತಿತ್ತು. ಅವರದು ಹಾಗಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಬೀದಿಯಲ್ಲಿ ಏನೇ ಗದ್ದಲವಾದರೂ ರೆಪ್ಪೆ ಅಲುಗುತ್ತಿರಲಿಲ್ಲ. ಹೂವು ಕೊಯ್ಯುವುದು ಸೊಸೆಯ ಕೆಲಸ. ಕೊಯ್ಯುವಾಗ ಮೂಸಬಾರದು, ನೆಲಕ್ಕೆ ಬಿದ್ದದ್ದನ್ನು ಎತ್ತಬಾರದು, ಹುಳ ತಿಂದದ್ದು ಬುಟ್ಟಿಗೆ ಬೀಳಬಾರದು. ಬೆಳಕು ಹರಿಯುವ ಹೊತ್ತಿಗೆ ನಾನು ಕೊಯ್ದು ತರುತ್ತಿದ್ದೆ, ಅತ್ತೆ ಹಂಡೆಯ ನೀರು ಕಾಯಿಸಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು.

ಆ ನಡುವಿನ ಹೊತ್ತು ನನ್ನ ಕಣ್ಣಿಗೆ ಬಿತ್ತು. ಪಡಸಾಲೆಯ ಕಿಟಕಿಯಲ್ಲಿ ಎಳೆ ಬೆಳಕು, ಬಟ್ಟಲಿನಲ್ಲಿ ಇಬ್ಬನಿ ಆರದ ಹೂವು, ಮನೆಯಲ್ಲಿ ಯಾರೂ ಇನ್ನೂ ನನ್ನನ್ನು ಕರೆಯದ ಹೊತ್ತು. ಕೆಲವು ದಿನ ತಡೆದುಕೊಂಡೆ. ಒಂದು ಬೆಳಿಗ್ಗೆ ಎರಡು ದಾಸವಾಳವನ್ನು ನೀರಿನ ಲೋಟದಲ್ಲಿ ಇಟ್ಟು ಬರೆಯುತ್ತ ಕೂತುಬಿಟ್ಟೆ. ಅತ್ತೆ ಬಚ್ಚಲಿಂದ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ.

"ಏನವ್ವ ಇದು?"

"ಹೂ ಬರೀತಿದ್ದೆ ರಿ, ಅತ್ತಿ."

"ಹೂವು ಇಲ್ಲೇ ಐತಲ್ಲ. ಮತ್ಯಾಕ ಬರೀಬೇಕು?"

ಅತ್ತೆ ಚಿತ್ರವನ್ನು ನೋಡಿದರು, ಲೋಟವನ್ನು ನೋಡಿದರು. ಲೋಟದಿಂದ ಹೂವನ್ನು ಎತ್ತಿ ಬಟ್ಟಲಿಗೆ ಹಾಕಿಕೊಳ್ಳುತ್ತ, "ನನ್ನ ಜಳಕ ಆಗೋ ತನಕ ನಿಂದು. ಆಮ್ಯಾಲೆ ನಂದು" ಎಂದರು.

ಅಲ್ಲಿಂದ ಶುರುವಾಯಿತು. ಬಾಡದ ಹೂವು, ಓಡುವ ಹೊತ್ತು, ಸಣ್ಣ ಕಾಗದ. ದಾಸವಾಳದ ಎಸಳಿಗೆ ಒಂದೇ ಸಲ ಬಣ್ಣ ಹರಿಸಿ ಕೈ ತೆಗೆಯುವುದನ್ನು ಆ ಗಡಿಬಿಡಿಯೇ ನನಗೆ ಕಲಿಸಿತು. ತಿದ್ದಲು ಕೂತರೆ ಹೂವು ದೇವರ ಮನೆಗೆ ಹೋಗಿರುತ್ತಿತ್ತು. ಪೆನ್ನಿನ ಗೆರೆಯನ್ನು ಮಾತ್ರ ಮಧ್ಯಾಹ್ನ, ರೊಟ್ಟಿಯ ಕೆಲಸ ಮುಗಿದ ಮೇಲೆ, ನೆನಪಿನಿಂದ ಹಾಕುತ್ತಿದ್ದೆ.

ಕ್ರಮೇಣ ಒಂದು ಸಂಗತಿ ಗಮನಕ್ಕೆ ಬಂತು. ಅತ್ತೆಯ ಜಳಕ ಉದ್ದವಾಗುತ್ತ ಹೋಗಿತ್ತು. ತಂಬಿಗೆಯ ಸದ್ದು ನಿಂತು ಎಷ್ಟೋ ಹೊತ್ತಾದರೂ ಅವರು ಹೊರಗೆ ಬರುತ್ತಿರಲಿಲ್ಲ. ಬರುವ ಮುಂಚೆ ಒಂದು ಕೆಮ್ಮು. ಕೆಮ್ಮಿದ ಮೇಲೂ ಒಂದಿಷ್ಟು ತಡ. ಮೊದಮೊದಲು ಮೈಯಲ್ಲಿ ಸರಿಯಿಲ್ಲವೇನೋ ಎಂದು ಹೆದರಿದೆ. ಒಂದು ದಿನ ಬಚ್ಚಲಿನ ಬಾಗಿಲ ಸಂದಿಯಿಂದ ಇಣುಕಿದರೆ, ಅತ್ತೆ ಸೀರೆ ಉಟ್ಟು ತಲೆಗೆ ಬಟ್ಟೆ ಸುತ್ತಿಕೊಂಡು, ಒಲೆಯ ಪಕ್ಕದ ಕಲ್ಲಿನ ಮೇಲೆ ಕೈಕಟ್ಟಿ ಕೂತಿದ್ದರು. ಹೊಟ್ಟೆಗೆ ನೀರೂ ಇಲ್ಲದೆ ನನಗಾಗಿ ಕಾಯುತ್ತಿದ್ದರು. ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಬಂದು ಕೂತೆ. ಆ ವಿಷಯ ನಾವಿಬ್ಬರೂ ಯಾವತ್ತೂ ಆಡಲಿಲ್ಲ. ಹೇಳಿದ್ದರೆ ಅವರಿಗೆ ನಾಚಿಕೆಯಾಗಿ ಮರುದಿನವೇ ಬೇಗ ಬಂದುಬಿಡುತ್ತಿದ್ದರು.

ಟೀಕೆಗೇನೂ ಕಡಿಮೆ ಇರಲಿಲ್ಲ. "ಹುಳ ತಿಂದ ಎಲಿ ಯಾಕ ಬರದೀ? ಅದನ್ನ ದೇವರಿಗೆ ಏರ್ಸಲ್ಲ" ಎಂದರು ಒಮ್ಮೆ.

"ಇದು ದೇವರಿಗಲ್ಲ ರಿ, ನನಗೆ. ತೂತಿನಾಗೆ ಬೆಳಕು ಬಂದೈತೆ ನೋಡ್ರಿ."

ಅತ್ತೆ ನನ್ನ ಕಡೆ ಒಂದು ಥರ ನೋಡಿ ಹೋದರು, ಮಗನಿಗೆ ಎಂಥವಳನ್ನು ತಂದೆವಪ್ಪಾ ಎನ್ನುವ ಹಾಗೆ. ಆದರೆ ಮರುದಿನ ಬಿಲ್ವಪತ್ರೆ ಆರಿಸುವಾಗ ಹುಳ ತಿಂದ ಒಂದು ಎಲೆಯನ್ನು ಎಸೆಯದೆ ನನ್ನ ಲೋಟದ ಪಕ್ಕ ಇಟ್ಟಿದ್ದರು. ನನಗೆ ಆ ಮನೆಯಲ್ಲಿ ಅತ್ತೆಯ ಮೇಲೆ ಪ್ರೀತಿ ಹುಟ್ಟಿದ ದಿನ ಯಾವುದು ಎಂದರೆ ಅದೇ ದಿನ.

ನಾನು ಗರ್ಭಿಣಿಯಾದೆ. ಐದು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ, ಸೌದೆ ಹಸಿಯಿದ್ದು ನೀರು ಕಾಯಲಿಲ್ಲವೆಂದು ಅತ್ತೆ ತಣ್ಣೀರನ್ನೇ ಸುರಿದುಕೊಂಡು ಬೇಗ ಹೊರಗೆ ಬಂದರು. ನಾನು ಶಂಖಪುಷ್ಪ, ನಂದಿಬಟ್ಟಲು ಜೋಡಿಸಿ ಬರೆಯುತ್ತಿದ್ದೆ. ನೀಲಿಯ ಕುಂಚ ತುಟಿಗಳ ನಡುವೆ ಇತ್ತು. ಎಳೆದು ತೆಗೆದೆ. ತುದಿಯಿಂದ ಒಂದು ಹನಿ ನೀಲಿ ಜಾರಿ, ಲೋಟದಲ್ಲಿದ್ದ ಬಿಳಿಯ ನಂದಿಬಟ್ಟಲಿನ ಎಸಳಿನ ಮೇಲೆ ಬಿತ್ತು. ತಲೆ ಎತ್ತಿದರೆ ಎದುರಿಗೆ ಅತ್ತೆ.

"ಆ ಕಡ್ಡಿ ಬಾಯಾಗೆ ಇಡ್ತೀಯೇನು?"

"ಹೌದ್ರಿ. ತುದಿ ಚೂಪಾಗಲಿ ಅಂತ."

"ದಿನಾ?"

"ದಿನಾ."

ಅವರ ಮುಖ ಕಪ್ಪಿಟ್ಟಿತು. ಎಂಜಲು ಎಂದರೆ ಅತ್ತೆಗೆ ಬೆಂಕಿ. ನೆರೆಮನೆಯ ಮಕ್ಕಳು ಕುಡಿದ ಲೋಟವನ್ನು ಬೂದಿ ಹಾಕಿ ತಿಕ್ಕದೆ ಮುಟ್ಟುತ್ತಿರಲಿಲ್ಲ. ತಾವು ನೀರು ಕುಡಿಯುವಾಗ ತಂಬಿಗೆಯನ್ನು ಒಂದು ಗೇಣು ಮೇಲೆತ್ತಿ ಕುಡಿಯುತ್ತಿದ್ದರು. ಅಂಥವರು ಇಷ್ಟು ತಿಂಗಳು ನನ್ನ ಎಂಜಲ ಕುಂಚ ಸುಳಿದಾಡಿದ ಹೂವನ್ನು ಲಿಂಗಕ್ಕೆ ಏರಿಸಿದ್ದರು. ನಾನು ಆಗಲೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನ್ನ ಸ್ವಭಾವ ಬಿಡಬೇಕಲ್ಲ.

"ಲಿಂಗ ಇರೋರಿಗೆ ಎಂಜಲಿಲ್ಲ, ಸೂತಕ ಇಲ್ಲ ಅಂತ ಮಠದ ಅಯ್ಯನೋರು ಮೊನ್ನೆ ಹೇಳಲಿಲ್ಲೇನ್ರಿ?" ಎಂದೆ.

"ಅಯ್ಯನೋರು ಹೇಳಿ ಹೋಗ್ತಾರೆ. ಅವರು ಉಂಡ ತಾಟು ತೊಳೆಯೋಳು ನಾನು" ಎಂದು ಅತ್ತೆ ಬಟ್ಟಲಿನ ಹೂವನ್ನೆಲ್ಲ ಬಿಲ್ವದ ಬುಡಕ್ಕೆ ಸುರಿದರು. ಮತ್ತೆ ಜಳಕ ಮಾಡಿದರು. ಅಂದು ಬರೀ ಪತ್ರೆಯಲ್ಲಿ ಪೂಜೆ ನಡೆಯಿತು.

ಮರುದಿನದಿಂದ ಹೂವನ್ನು ಅವರೇ ಕೊಯ್ದರು. ಬೈಯಲಿಲ್ಲ, ಮಗನ ಮುಂದೆ ಹೇಳಲಿಲ್ಲ. "ನಿನಗೆ ಬೇಕಾದ್ರೆ ಪೂಜಿ ಆದಮ್ಯಾಲೆ ಉಳಿದದ್ದು ತಗಾ" ಎಂದಷ್ಟೇ ಅಂದರು. ಉಳಿದದ್ದು ನನಗೆ ಬೇಡವಾಗಿತ್ತು. ನನಗೂ ಮೂಗಿನ ತುದಿಯಲ್ಲಿ ಸಿಟ್ಟು. ಬಣ್ಣದ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮನೆಯಲ್ಲಿ ಊಟ, ತಿಂಡಿ, ಮಾತು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಬೆಳಗಿನ ಆ ಹೊತ್ತು ಮಾತ್ರ ಹಲ್ಲು ಬಿದ್ದ ಜಾಗದ ಹಾಗೆ ಖಾಲಿಯಾಗಿತ್ತು. ಅತ್ತೆಯ ಜಳಕ ಮೊದಲಿನಂತೆ ಗಡಬಡ ಮುಗಿಯುತ್ತಿತ್ತು.

ಚೊಚ್ಚಲ ಬಾಣಂತನ ತವರಿನಲ್ಲಿ. ಅದೇ ಟ್ರಂಕಿನೊಂದಿಗೆ ಹರಿಹರಕ್ಕೆ ಬಂದೆ. ಎಂಟನೇ ತಿಂಗಳಲ್ಲಿ ನಮ್ಮಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಲಿಂಗ ಕೊಡುತ್ತಾರೆ. ಅಯ್ಯನವರು ಬಂದು ಕೂಸಿನ ಲಿಂಗವನ್ನು ನನ್ನ ತೋಳಿಗೆ ಕಟ್ಟಿದರು. ನನ್ನದೊಂದು ಕೊರಳಲ್ಲಿ, ಅದರದೊಂದು ತೋಳಲ್ಲಿ. ನಡೆದಾಡುವಾಗ ಅದು ಮೆಲ್ಲಗೆ ಮೈಗೆ ತಾಗುವುದು ನನಗೆ ಹಿತವಾಗಿತ್ತು.

ಕೂಸು ಹುಟ್ಟಿತು, ಅಳಲಿಲ್ಲ. ಹೆಣ್ಣು. ತಲೆತುಂಬ ಕೂದಲಿತ್ತು. ಅವ್ವ ಅದರ ಬೆನ್ನು ತಟ್ಟಿದಳು, ಸೂಲಗಿತ್ತಿ ತಲೆಕೆಳಗು ಹಿಡಿದಳು, ಆಮೇಲೆ ಇಬ್ಬರೂ ಸುಮ್ಮನಾದರು. ನಮ್ಮನೆಯವರು ಅಂದೇ ಬಂದರು. ತೋಳಿನ ಲಿಂಗವನ್ನು ಬಿಚ್ಚಿ ಕೂಸಿನ ಜೊತೆಗೇ ಕಳಿಸಿದರು. ಅಪ್ಪ, ನಮ್ಮನೆಯವರು ಹೋಗಿ ಮಣ್ಣು ಮಾಡಿ ಬಂದು ಜಗಲಿಯ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅತ್ತೆ ಬರಲಿಲ್ಲ.

ಎದೆಯಲ್ಲಿ ಹಾಲು ಮಾತ್ರ ತಪ್ಪದೆ ಬಂತು. ಅದಕ್ಕೇನು ಗೊತ್ತು. ಅವ್ವ ಬಿಗಿಯಾಗಿ ಬಟ್ಟೆ ಕಟ್ಟುತ್ತಿದ್ದಳು, ನಾನು ಗೋಡೆ ನೋಡುತ್ತ ಮಲಗಿರುತ್ತಿದ್ದೆ. ಕಣ್ಣೀರು ಬರಲಿಲ್ಲ.

ಕಡರನಾಯಕನಹಳ್ಳಿಯಿಂದ ನಮ್ಮ ದೊಡ್ಡವ್ವ ನೋಡಲು ಬಂದಳು. ಒಳ್ಳೆಯ ಹೆಂಗಸೇ. ಬಾಗಿಲ ಹೊರಗೆ ಕೂತು, "ಏನಾದ್ರೂ ಅಪಚಾರ ಆಗಿತ್ತೇನು? ದೇವರ ವಿಷಯದಾಗೆ, ನೆನಪು ಮಾಡಿಕೊಳ್ಳವ್ವ. ಕಾರಣ ಇಲ್ದೆ ಹಿಂಗಾಗಲ್ಲ" ಎಂದಳು. ನಾನು ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಬಿಳಿಯ ಎಸಳಿನ ಮೇಲೆ ನೀಲಿ ಹನಿ ಕಣ್ಣ ಮುಂದೆಯೇ ಇತ್ತು.

ಆಮೇಲಿನ ದಿನಗಳಲ್ಲಿ ನನ್ನೊಳಗೆ ಇದ್ದದ್ದು ಒಂದೇ ಮಾತು. ನನ್ನ ಎಂಜಲು ದೇವರಿಗೆ ಹೋಯಿತು, ದೇವರು ನನ್ನ ಕೂಸನ್ನು ತೆಗೆದುಕೊಂಡ. ಅತ್ತೆಗೂ ಇದು ಗೊತ್ತು. ಅದಕ್ಕೇ ಬಂದಿಲ್ಲ. ಇನ್ನು ಆ ಮನೆಗೆ ಯಾವ ಮುಖ ಹೊತ್ತು ಹೋಗಲಿ? ಮಗನಿಗೆ ಬೇರೆ ಹೆಣ್ಣು ನೋಡಿದರೂ ನಾನು ತಪ್ಪೆನ್ನುವಂತಿರಲಿಲ್ಲ. ಬುದ್ಧಿಗೆ ಇದೆಲ್ಲ ಹುಚ್ಚು ಎಂದು ಗೊತ್ತಿತ್ತು. ಆದರೆ ಬಾಣಂತಿ ಕೋಣೆಯ ಕತ್ತಲಲ್ಲಿ, ಕೂಸಿಲ್ಲದೆ, ಬುದ್ಧಿಯ ಮಾತು ಯಾರು ಕೇಳುತ್ತಾರೆ.

ಅಪ್ಪ ಒಂದು ದಿನ ದಾಸವಾಳ ಕೊಯ್ದು ತಂದು, ಟ್ರಂಕಿನ ತಳದಿಂದ ಬಣ್ಣದ ಡಬ್ಬಿಯನ್ನೂ ಹುಡುಕಿ ತೆಗೆದು ತಲೆದಿಂಬಿನ ಬಳಿ ಇಟ್ಟ. ಆಗ ಅವನಿಗೆ ಎಲ್ಲ ಹೇಳಿದೆ. ಅಪ್ಪ "ಬಾಯಾಗೆ ಇಡೋದು ಕಲಿಸಿದೋನು ನಾನು" ಎಂದು ಎದ್ದು ಹೋದ. ಅವನ ತುಟಿಯ ಮೇಲೆ ಆಮೇಲೆ ಬಣ್ಣ ಕಾಣಲಿಲ್ಲ. ಅವನನ್ನೂ ನಾನು ನನ್ನ ಹೊಂಡಕ್ಕೆ ಎಳೆದುಕೊಂಡಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ, ದಾವಣಗೆರೆ ಕಡೆಯಿಂದ ಬರುವ ಮೊದಲ ರೈಲುಗಾಡಿ ಹೊಳೆಯ ಸೇತುವೆಯ ಕಡೆ ಕೂಗಿ ಸ್ವಲ್ಪ ಹೊತ್ತಾಗಿರಬೇಕು, ಅಂಗಳದಲ್ಲಿ ಅವ್ವನ ಗಾಬರಿಯ ದನಿ ಕೇಳಿಸಿತು.

"ಬರ್ರಿ, ಬರ್ರಿ. ಒಬ್ರೇ ಬಂದ್ರೇನು? ಕೂಡ್ರಿ, ಚಾ ಮಾಡ್ತೀನಿ."

"ಬ್ಯಾಡ ರಿ. ಪೂಜಿ ಆಗಿಲ್ಲ."

ಅತ್ತೆಯ ದನಿ. ನಾನು ಗೋಡೆಯ ಕಡೆ ಮುಖ ಮಾಡಿ ಕಂಬಳಿ ಎಳೆದುಕೊಂಡೆ. ಅವರು ಒಳಗೆ ಬಂದು ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಒದ್ದೆ ಬಟ್ಟೆ ಬಿಚ್ಚುವ ಸದ್ದು. ಕೋಣೆಯ ಸಾಂಬ್ರಾಣಿ, ಬೆಳ್ಳುಳ್ಳಿ ವಾಸನೆಯ ನಡುವೆ ಹಸಿ ಹೂವಿನ ಕಂಪು.

"ಏಳು. ಹೂ ತಂದೀನಿ. ಬಾಡ್ತಾವೆ" ಎಂದರು.

ಎದ್ದು ಕೂತೆ. ತೆಳ್ಳಗಾಗಿದ್ದರು. ಒದ್ದೆ ಬಟ್ಟೆಯಲ್ಲಿ ನಂದಿಬಟ್ಟಲು, ಶಂಖಪುಷ್ಪ, ಗಾಡಿಯ ಕುಲುಕಾಟಕ್ಕೆ ಅಂಚು ಮುದುರಿದ ಒಂದು ದಾಸವಾಳ. ಅಂದರೆ ಬೆಳಕು ಹರಿಯುವ ಮೊದಲೇ ಹಿತ್ತಲಿಗೆ ಹೋಗಿ ತಡಕಿ ಕೊಯ್ದಿದ್ದಾರೆ. ಅಪ್ಪ ಏನೂ ಕೇಳದೆ ಲೋಟದಲ್ಲಿ ನೀರು, ಒಂದು ತುಂಡು ಕಾಗದ, ಡಬ್ಬಿ ತಂದಿಟ್ಟು ಹೊರಗೆ ಹೋದ.

"ನೀವು ಪೂಜಿ ಮಾಡ್ರಿ ಅತ್ತಿ. ಹಸಿದೀರಿ" ಎಂದೆ.

"ಮೊದಲು ನೀನು ಬರಿ."

ನಾನು ಹಟಮಾರಿಯಾದರೆ ಅವರು ನನಗಿಂತ ಹಟಮಾರಿ. ಹೂವನ್ನು ಲೋಟದಲ್ಲಿ ಇಟ್ಟು ಕುಂಚ ತೆಗೆದುಕೊಂಡೆ. ದಾಸವಾಳಕ್ಕೆ ಬಣ್ಣ ಹರಿಸಿದೆ, ಎಲೆ ಬರೆದೆ. ಶಂಖಪುಷ್ಪದ ಒಳಗಿನ ಸಣ್ಣ ಗೆರೆಗಳಿಗೆ ಬಂದಾಗ ಕುಂಚದ ತುದಿ ಕೆದರಿತ್ತು. ಲೋಟದ ಅಂಚಿಗೆ ಒರೆಸಿದೆ, ಸೆರಗಿಗೆ ಒತ್ತಿದೆ. ಗೆರೆ ದಪ್ಪವಾಗಿ ಹರಡಿತು. ಮತ್ತೆ ಒರೆಸಿದೆ.

"ಬಾಯಾಗೆ ಇಡು" ಎಂದರು ಅತ್ತೆ.

"ಬ್ಯಾಡ ರಿ. ಅದರಿಂದಲೇ." ಕುಂಚವನ್ನು ಮತ್ತೆ ಸೆರಗಿಗೆ ಒತ್ತಿದೆ.

"ಅದರಿಂದಲೇ ಕೂಸು ಹೋತು ಅಂತ?"

ನಾನು ತಲೆ ತಗ್ಗಿಸಿದೆ. ಬಾಗಿಲ ಬಳಿ ಅವ್ವ ನಿಂತಿದ್ದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಸುಳ್ಳು ಯಾಕ ಹೇಳ್ಲಿ. ಸುದ್ದಿ ಕೇಳಿದಾಗ ನನಗೂ ಹಂಗೇ ಅನಿಸ್ತು. ಅದಕ್ಕೇ ಬರ್ಲಿಲ್ಲ. ದಿನಾ ಪೂಜಿಗೆ ಕುಂತಾಗ ಲಿಂಗ ಹಿಡಕೊಂಡು ಅದನ್ನೇ ಕೇಳ್ತಿದ್ದೆ, ಒಂದು ಹನಿ ಬಣ್ಣಕ್ಕೆ ಇಷ್ಟು ಸಿಟ್ಟೇನಪ್ಪಾ ಅಂತ. ನಿನ್ನೆ ಕುಂತಾಗ ಹಳೇದು ನೆನಪಾತು. ನನಗೂ ಎರಡು ಹೋಗ್ಯಾವೆ. ನಿನ್ನ ಗಂಡ ಹುಟ್ಟೋಕೆ ಮುಂಚೆ. ಒಂದು ಗಂಡು, ಒಂದು ಹೆಣ್ಣು. ಆವಾಗ ನಾನು ಯಾವ ಕಡ್ಡಿ ಬಾಯಾಗೆ ಇಟ್ಟಿದ್ದೆ?"

ಇದು ನನಗೆ ಗೊತ್ತಿರಲಿಲ್ಲ. ನಮ್ಮನೆಯವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟು ವರ್ಷ ಆ ಎರಡು ಕೂಸುಗಳನ್ನು ಅವರು ಒಬ್ಬರೇ ಇಟ್ಟುಕೊಂಡಿದ್ದರು.

"ನಮ್ಮತ್ತೆಯೂ ಕೇಳಿದ್ಳು, ಏನು ಅಪಚಾರ ಮಾಡಿದ್ದೀ ಅಂತ. ಹುಡುಕಿ ಹುಡುಕಿ ಸಾಕಾತು, ಏನೂ ಸಿಗಲಿಲ್ಲ. ಆವತ್ತಿಂದ ಇಷ್ಟು ಮಡಿ ಮಾಡ್ತೀನಿ ನೋಡು, ತೊಳದಿದ್ದೇ ತೊಳೀತೀನಿ. ನೀನೂ ಹಂಗೆ ಆಗಬ್ಯಾಡ. ಕೂಸಿನ ಮ್ಯಾಲೆ ಹಗೆ ಸಾಧಿಸೋ ದೇವರಾದ್ರೆ ಅದನ್ನ ನಾನು ಅಂಗೈಯಾಗೆ ಯಾಕ ಇಟ್ಕೋಬೇಕು?" ಎಂದು ಕುಂಚವನ್ನು ತೋರಿಸಿದರು. "ಗೆರಿ ದಪ್ಪ ಬರ್ತೈತೆ. ಬಾಯಾಗೆ ಇಡು."

ಇಟ್ಟೆ. ತುಟಿಗೆ ನೀಲಿಯ ಕಹಿ ತಾಗಿತು. 

ಚಿತ್ರ ಮುಗಿಯುವ ತನಕ ಅವರು ಅಲ್ಲಾಡಲಿಲ್ಲ. ಮುಗಿದ ಮೇಲೆ ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡು ಬಂದು, ಅವ್ವ ದೇವರ ಮುಂದೆ ಮಣೆ ಹಾಕುತ್ತಿದ್ದರೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಕೋಣೆಗೇ ಬಂದರು. ಅವ್ವ, "ಅಯ್ಯೋ, ಬಾಣಂತಿ ಕೋಣೆಯಾಗೆ" ಎಂದು ತಡೆಯಲು ಹೋದಳು. ಅತ್ತೆ ಕೇಳದವರಂತೆ ಮಣೆಯ ಮೇಲೆ ಕೂತು, ಕೊರಳಿನಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ವಿಭೂತಿ ಹಚ್ಚಿದರು. ಹೂವಿಗೆ ನನ್ನ ಲೋಟಕ್ಕೇ ಕೈ ಚಾಚಿದರು. ಒಂದೊಂದಾಗಿ ಎಲ್ಲವನ್ನೂ ಏರಿಸಿದರು. ಆಗ ನನಗೆ ಅಳು ಬಂತು. ಕೂಸು ಹೋದ ಮೇಲೆ ಮೊದಲ ಸಲ, ದನಿ ತೆಗೆದು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅವರು ಪೂಜೆ ನಿಲ್ಲಿಸಲಿಲ್ಲ, ನನ್ನನ್ನು ಸುಮ್ಮನಿರು ಎನ್ನಲೂ ಇಲ್ಲ.

ಪೂಜೆಯಾದ ಮೇಲೆ ಅವ್ವ ಅಲ್ಲಿಗೇ ತಾಟು ತಂದಳು. ಬಿಸಿ ರೊಟ್ಟಿ, ಬೇಳೆ ಪಲ್ಯ, ಬೆಣ್ಣೆ. ನಾನು ದಿನಗಟ್ಟಲೆ ಸರಿಯಾಗಿ ಉಂಡಿಲ್ಲವೆಂದು ಅವ್ವ ದೂರು ಹೇಳಿದಳು. ಅತ್ತೆ ತಮ್ಮ ತಾಟಿನಿಂದ ಒಂದು ತುಂಡು ಮುರಿದು, ಬೆಣ್ಣೆ ಹಚ್ಚಿ ನನ್ನ ಬಾಯಿಗೆ ಹಿಡಿದರು. ಅರ್ಧ ಕಚ್ಚಿದೆ, ಅದಕ್ಕಿಂತ ಹೆಚ್ಚು ನುಂಗಲಾಗಲಿಲ್ಲ. ಉಳಿದ ಅರ್ಧ ಅವರ ಕೈಯಲ್ಲಿತ್ತು, ನನ್ನ ಹಲ್ಲಿನ ಗುರುತು, ತುಟಿಯ ನೀಲಿ ಅದರ ಅಂಚಿಗೆ ಅಂಟಿತ್ತು.

ಅದನ್ನು ಅತ್ತೆ ಪಲ್ಯಕ್ಕೆ ಅದ್ದಿ ತಮ್ಮ ಬಾಯಿಗೆ ಹಾಕಿಕೊಂಡರು.